ಉದ್ಯೋಗ ಮಂತ್ರಾಲಯದ ಬೆತ್ತದ ಕುರ್ಚಿ

ನಾನು ಒಂದು ಬೆತ್ತದ ಕುರ್ಚಿ. ಮರ ದಾಂಡೇಲಿಯ ತೇಗ, ಕೆತ್ತಿದ್ದು ದೇಶದ ರಾಜಧಾನಿಯ ಬಡಗಿ. ಆದರೆ ಬಡಗಿ ಕೈಬಿಟ್ಟಾಗ ನಾನಿನ್ನೂ ಕುರ್ಚಿಯಾಗಿರಲಿಲ್ಲ. ನಾಲ್ಕು ಕಾಲು, ಎರಡು ಕೈ, ಕೂರುವ ಜಾಗದಲ್ಲಿ ಬರೀ ಬಯಲು.

ನನಗೆ ಆಸನ ಕೊಟ್ಟವನು ಈರಸಂಗಪ್ಪ. ಮುಧೋಳದ ಕಡೆಯವನು, ಹುಟ್ಟಿನಿಂದಲೇ ಕಣ್ಣಿಲ್ಲ. ಅಂಧರ ಶಾಲೆಯಲ್ಲಿ ಬೆತ್ತದ ಕೆಲಸ ಕಲಿತು, ರಾಜಧಾನಿಗೆ ಬಂದು ಉದ್ಯಮ ಮತ್ತು ಉದ್ಯೋಗ ಮಂತ್ರಾಲಯದಲ್ಲಿ ಕುರ್ಚಿ ಹೆಣೆಯುವ ನೌಕರಿ ಹಿಡಿದಿದ್ದ. ಎಳೆಗಳನ್ನು ನೀರಲ್ಲಿ ನೆನೆಸಿ, ಒಂದೊಂದನ್ನೂ ಬೆರಳ ಸಂದಿಯಲ್ಲಿ ಎಳೆದು ಪರೀಕ್ಷಿಸಿ, ಎರಡು ದಿನ ಕೂತು ಹೆಣೆದ. ಮುಗಿದ ಮೇಲೆ ಅಂಗೈಯಿಂದ ತಟ್ಟಿ ಸದ್ದು ಕೇಳಿ, "ಹ್ಞಾಂ, ಈಗ ಯಾರರ ಕುಂಡ್ರಲಿ" ಅಂದ.

ಯಾರು ಕೂತರೋ ಅವರು ಆ ಎರಡು ದಿನದ ದುಡಿಮೆಗೆ ಯೋಗ್ಯರಾಗಿರಲಿಲ್ಲ.

ನನ್ನನ್ನು ಹಾಕಿದ್ದು ಜಂಟಿ ಕಾರ್ಯದರ್ಶಿಗಳ ಕೋಣೆಯಲ್ಲಿ. ಹೊಸದಾಗಿ ಉದ್ಯಮ ಹೂಡುವವರಿಗೆ ನೆರವು, ದುಡಿಯುವವರಿಗೆ ರಕ್ಷಣೆ, ಕೆಲಸವಿಲ್ಲದವರಿಗೆ ಕೆಲಸ: ಮಂತ್ರಾಲಯ ಇರುವುದೇ ಇದಕ್ಕೆ ಎಂದು ಗೋಡೆಯ ಫಲಕ ಹೇಳುತ್ತಿತ್ತು. ಮೊದಮೊದಲು ನನಗೂ ಹೆಮ್ಮೆಯಾಗಿತ್ತು. ಮುಚ್ಚಿದ ಗಿರಣಿಯ ಹೆಂಗಸರು ಬಂದು ಎದುರಿಗೆ ನಿಂತ ದಿನ ಆ ಹೆಮ್ಮೆ ಇಳಿಯಿತು. ಸಾಹೇಬರು ಪೆನ್ಸಿಲ್ಲಿನ ತುದಿಯಿಂದ ಮೇಜು ಕುಟ್ಟುತ್ತ, "ಪರಿಶೀಲಿಸುತ್ತೇವೆ" ಅಂದರು. ಪರಿಶೀಲನೆ ಎಂದರೆ ಕಡತವನ್ನು ಮೇಜಿನ ಎಡಗಡೆಯಿಂದ ಬಲಗಡೆಗೆ ಸರಿಸುವುದು. ಕೂತವರ ಮುಖ ನನಗೆ ಕಾಣುವುದಿಲ್ಲ, ಅದೇ ಒಳ್ಳೆಯದಾಯಿತು. ಬಡವರು ಬಂದರೆ ಹಿಂದಕ್ಕೊರಗಿ ಕಾಲು ಚಾಚುವವರು, ಸಚಿವರ ಫೋನು ಬಂದರೆ ನನ್ನ ಅಂಚಿಗೆ ಜಾರಿ ಕೂರುತ್ತಿದ್ದರು. ಆ ಜಾರುವಿಕೆಯೊಂದರಲ್ಲೇ ಅವರ ಸೇವೆಯೆಲ್ಲ ಮುಗಿಯುತ್ತಿತ್ತು.

ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ನಾನು ಸಡಿಲವಾದಾಗಲೆಲ್ಲ ಈರಸಂಗಪ್ಪ ಬಿಗಿ ಮಾಡಿದ. ಆಮೇಲೆ ಹೊಸ ಸಚಿವರು ಬಂದರು. ಕನ್ನಡ ನಾಡಿನವರೇ. ತಮ್ಮ ಕಡೆಯ ಜಯತೀರ್ಥ ಕೊಪ್ಪರ ಎಂಬ ಅಧಿಕಾರಿಯನ್ನೂ ಕರೆತಂದು ನನ್ನ ಕೋಣೆಯಲ್ಲಿ ಕೂರಿಸಿದರು. ಆ ವರ್ಷವನ್ನು 'ಉದ್ಯೋಗ ವರ್ಷ' ಎಂದು ಸಾರಿದರು. ಅದರ ಮೊದಲ ಕೆಲಸವಾಗಿ ಅಧಿಕಾರಿಗಳಿಗೆ ಗಾಲಿಯ ಮೇಲೆ ತಿರುಗುವ ಮೆತ್ತೆ ಕುರ್ಚಿಗಳು ಬಂದವು. ಬೆತ್ತದ ಕುರ್ಚಿಗಳು ಹೋದ ಮೇಲೆ ಹೆಣೆಯುವವನೇಕೆ? ಈರಸಂಗಪ್ಪನ ಹುದ್ದೆ ರದ್ದಾಯಿತು.

ಗೋಡೆ ತಡವುತ್ತ ಅವನು ಕೊಪ್ಪರರ ಕೋಣೆಗೆ ಬಂದ. ನಾನು ಆಗಲೇ ಮೂಲೆ ಸೇರಿದ್ದೆ.

"ಸಾಹೇಬ್ರ, ಈ ಇಲಾಖೆ ಹೆಸರಿನ್ಯಾಗ ಉದ್ಯೋಗ ಅಂತ ಐತಿ, ಹೌದಲ್ರೀ?"

"ನೋಡಿ ಈರಸಂಗಪ್ಪ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ರದ್ದಾಗಿರುವುದು ಹುದ್ದೆ, ನೀವಲ್ಲ. ನಿಮ್ಮನ್ನು ಸ್ವ-ಉದ್ಯೋಗ ತರಬೇತಿಗೆ ಸೇರಿಸಿದ್ದೇನೆ."

"ಏನ್ ಕಲಸ್ತಾರ್ರೀ?"

ಕೊಪ್ಪರರು ಕಾಗದ ನೋಡಿದರು. "ಬೆತ್ತದ ಹೆಣಿಗೆ."

ಈರಸಂಗಪ್ಪ ನಗಲಿಲ್ಲ. ಮನೆಯಲ್ಲಿ ಹೆಂಡತಿ ನೀಲವ್ವ ಕಾಯಿಲೆಯಲ್ಲಿದ್ದಳು. ತರಬೇತಿಗೆ ಹೋದರೆ ಮೂರು ತಿಂಗಳ ಭತ್ಯೆ ಸಿಗುತ್ತಿತ್ತು. ಹೋದ. ಕಲಿಸಲು ಬಂದವನಿಗೆ ಎಳೆ ನೆನೆಸಬೇಕೆಂಬುದೂ ತಿಳಿದಿರಲಿಲ್ಲವಂತೆ.

ಪ್ರಮಾಣಪತ್ರ ಕೊಡುವ ಸಮಾರಂಭಕ್ಕೆ ನನ್ನನ್ನು ಮೂಲೆಯಿಂದ ಎಳೆದರು. 'ಹೊಸ ಉದ್ಯಮಿ' ಹೆಣೆದ ಕುರ್ಚಿಯ ಮೇಲೆ ಸಚಿವರು ಕೂರಬೇಕು, ಫೋಟೋ ತೆಗೆಯಬೇಕು. ಹಳೆಯ ಬೆತ್ತ ಬಿಚ್ಚಿ ಹೊಸದಾಗಿ ಹೆಣೆಯಲು ನನ್ನನ್ನು ಈರಸಂಗಪ್ಪನಿಗೇ ಕೊಟ್ಟರು. ಒಂದೆರಡು ಎಳೆ ಸಡಿಲ ಬಿಟ್ಟಿದ್ದರೆ ಸಚಿವರ ಫೋಟೋ ಬೇರೆಯೇ ಬರುತ್ತಿತ್ತು. ನಾನಂತೂ ಅದನ್ನೇ ಬಯಸಿದೆ. ಆದರೆ ಕೆಟ್ಟ ಕೆಲಸ ಆ ಕೈಗೆ ಬರುತ್ತಿರಲಿಲ್ಲ. ಸಚಿವರು ಕೂತರು, ನಾನು ಹೊತ್ತೆ. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ಇನ್ನೊಮ್ಮೆ ಆಗಲಿಲ್ಲ.

ಸಚಿವರು ಮೈಕು ಅವನ ಬಾಯಿಗೆ ಹಿಡಿದು ಕೇಳಿದರು: "ಎಷ್ಟು ಚೆನ್ನಾಗಿ ಹೆಣೆದಿದ್ದೀರಿ! ಎಷ್ಟು ದಿನದಲ್ಲಿ ಕಲಿತಿರಿ?"

"ನಿಮ್ಮ ಆಫೀಸಿನ್ಯಾಗ ಇಪ್ಪತ್ತೆಂಟು ವರ್ಷ ಇದನ್ನ ಮಾಡೇನ್ರೀ. ನಾಲ್ಕು ತಿಂಗಳ ಹಿಂದ ನೀವ ನನ್ನ ತಗದ್ರಿ."

ಮೈಕು ಸತ್ತಿತು. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೆಲವರು ತಟ್ಟಿದರು. ಈರಸಂಗಪ್ಪ ಪ್ರಮಾಣಪತ್ರಕ್ಕೆ ಕೈ ಚಾಚಲೇ ಇಲ್ಲ. ಮರುದಿನದ ಪತ್ರಿಕೆಯಲ್ಲಿ ನಗುತ್ತಿರುವ ಸಚಿವರೂ ಅವರ ಕೆಳಗೆ ನಾನೂ ಇದ್ದೆವು. ಅವನಿರಲಿಲ್ಲ.

ನನ್ನನ್ನು ಹರಾಜಿಗೆ ಹಾಕಿದರು. ಹಳೆಯ ಪೀಠೋಪಕರಣಗಳ ಬೀದಿಯಲ್ಲಿ ಒಂದು ಅಂಗಡಿಯ ಬಾಗಿಲಿಗೆ ಬಂದು ಬಿದ್ದೆ. ಅದೇ ಅಂಗಡಿಯ ಮುಂದೆ, ಬೇವಿನ ಮರದಡಿ, ಈರಸಂಗಪ್ಪ ಬೆತ್ತ ನೆನೆಸಿಕೊಂಡು ಕೂರುತ್ತಾನೆ. ನಾಲ್ಕಾರು ಅಂಗಡಿಯವರು ಕೆಲಸ ಕೊಡುತ್ತಾರೆ. ನೀಲವ್ವ ಈಗ ಎದ್ದು ಓಡಾಡುತ್ತಾಳೆ, ಮಧ್ಯಾಹ್ನ ಬುತ್ತಿ ತರುತ್ತಾಳೆ.

ಮೊನ್ನೆ ಕೊಪ್ಪರರೇ ಕಾರಿನಿಂದಿಳಿದು ಬಂದರು. ವಾರ್ಷಿಕ ವರದಿಗೆ ಮಂತ್ರಾಲಯದ ನೆರವಿನಿಂದ ನೆಲೆ ಕಂಡ ಒಬ್ಬ ಉದ್ಯಮಿ ಬೇಕಾಗಿದ್ದನಂತೆ. "ಇಲ್ಲೊಂದು ಹೆಬ್ಬೆಟ್ಟು ಒತ್ತಿದರೆ ಸಾಕು" ಅಂದರು.

"ಬೆರಳು ಹಸಿ ಅದಾವ್ರೀ" ಅಂದ ಈರಸಂಗಪ್ಪ. ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ಒಣಗುವವರೆಗೆ ಕಾಯ್ತೀನಿ."

"ಕಾಯ್ರಿ. ನಾವೂ ನಿಮ್ಮ ಬಾಗಿಲಾಗ ಭಾಳ ಕಾಯ್ದೇವಿ."

ಕೊಪ್ಪರರು ಕೂರಲು ನನ್ನತ್ತ ಬಂದರು. ನೀಲವ್ವ ಬುತ್ತಿಯ ಗಂಟನ್ನು ತಂದು ನನ್ನ ಮೇಲಿಟ್ಟಳು. ಅವರು ಬಿಸಿಲಲ್ಲಿ ಒಂದಿಷ್ಟು ಹೊತ್ತು ನಿಂತು, ಕಾಗದ ಮಡಚಿಕೊಂಡು ಹೋದರು.

ನನ್ನ ಮೇಲೆ ಒಟ್ಟು ಹನ್ನೊಂದು ಮಂದಿ ಅಧಿಕಾರಿಗಳೂ ಒಬ್ಬ ಸಚಿವರೂ ಕೂತಿದ್ದರು. ಅವರ ಭಾರ ನನಗೆ ಚೆನ್ನಾಗಿ ನೆನಪಿದೆ. ಅವರು ಮಾಡಿದ ಕೆಲಸ ಯಾವುದೆಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಮೊನ್ನೆ ನೀಲವ್ವ ನನ್ನ ಮೇಲಿಟ್ಟ ಬುತ್ತಿಯಲ್ಲಿ ರೊಟ್ಟಿ ಇನ್ನೂ ಬಿಸಿಯಾಗಿತ್ತು.