ಡಬ್ಬಿಯ ತಳದ ಸಕ್ಕರೆ

ಡೆಬ್ರಾ ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಕಾತ್ಯಾಯಿನಿ ತೊಳೆದು, ಒರೆಸಿ, ತಳಕ್ಕೆ ಒಂದು ಚಮಚ ಸಕ್ಕರೆ ಹಾಕಿ ಮುಚ್ಚಳ ಒತ್ತಿದಳು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಅವಳ ಅಮ್ಮನ ಮನೆಯಿಂದ ಯಾರ ಪಾತ್ರೆಯೂ ಬರಿದಾಗಿ ಹಿಂದಿರುಗಿದ್ದಿಲ್ಲ. ಏನೂ ಇಲ್ಲದ ದಿನ ಒಂದಿಷ್ಟು ಸಕ್ಕರೆಯಾದರೂ ಇರುತ್ತಿತ್ತು. ಕೊಟ್ಟವರು ಹೇಳುತ್ತಿರಲಿಲ್ಲ, ಪಡೆದವರು ಕೇಳುತ್ತಿರಲಿಲ್ಲ. ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನ ಅಡುಗೆಮನೆಯಲ್ಲಿ ರಬ್ಬರ್ ಬ್ಯಾಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಮಗಳು ನಿಧಿಗೆ ಜಡೆ ಹಾಕುತ್ತಿದ್ದ ಆ ಬೆಳಿಗ್ಗೆ, ಇಷ್ಟು ಸಕ್ಕರೆಗೂ ವಿವರಣೆ ಬೇಕಾದೀತೆಂದು ಅವಳಿಗೆ ಹೊಳೆಯಲೇ ಇಲ್ಲ.

ಕಾತ್ಯಾಯಿನಿ ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಓದಿ ಆರು ವರ್ಷ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದವಳು. ಆಕ್ಲೆಂಡಿಗೆ ಬಂದ ಮೇಲೆ ಮೊದಲು ಸಿಕ್ಕಿದ್ದು ವೃದ್ಧರ ರೆಸ್ಟ್ ಹೋಮ್‌ನಲ್ಲಿ ಹಾಸಿಗೆ ಬದಲಿಸುವ ಕೆಲಸ. ಅದು ಕೀಳೆಂದು ಅವಳಿಗೆ ಎಂದೂ ಅನಿಸಿರಲಿಲ್ಲ. ತನ್ನದಲ್ಲ ಎಂದು ಮಾತ್ರ ಅನಿಸುತ್ತಿತ್ತು. ಕೊನೆಗೆ ಕುಟುಂಬಗಳಿಗೆ ನೆರವಾಗುವ ಸಣ್ಣ ಸಂಸ್ಥೆಯೊಂದು ಅವಳನ್ನು ತೆಗೆದುಕೊಂಡಿತು. ಸಮಾಜ ಕಾರ್ಯಕರ್ತರ ನೋಂದಣಿಯ ಕಾನೂನು ಈ ದೇಶಕ್ಕೆ ಆಗಿನ್ನೂ ಹೊಸದು. ಅವಳಿಗೆ ಸಿಕ್ಕಿದ್ದು ತಾತ್ಕಾಲಿಕ ನೋಂದಣಿ. ಪೂರ್ತಿಯಾಗಬೇಕಾದರೆ ಮೇಲ್ವಿಚಾರಕಿ ಮೆರೆಯಾನಾ ವರದಿ ಬರೆಯಬೇಕು, ಆಮೇಲೆ ಸಂದರ್ಶನ. ಅದು ಆಗದಿದ್ದರೆ ಸಂಸ್ಥೆ ಅವಳನ್ನು ಕಾಯಂ ಮಾಡುವಂತಿರಲಿಲ್ಲ. ವರದಿ ಮುಂದಿನ ವಾರದ ಶುಕ್ರವಾರ ನೋಂದಣಿ ಮಂಡಳಿಗೆ ಹೋಗಬೇಕಿತ್ತು.

ಡೆಬ್ರಾ ಆ ಸಂಸ್ಥೆಯಲ್ಲಿ ಅವಳ ಪಾಲಿಗೆ ಬಂದ ಮೊದಲ ತಾಯಿ. ಇಲ್ಲಿನವರು ಬರೀ 'ಪಿ' ಎನ್ನುವ, ಹರಳಿನಂಥ ಬಿಳಿ ಮಾದಕ ವಸ್ತುವಿನ ಚಟಕ್ಕೆ ಬಿದ್ದು, ಕಷ್ಟಪಟ್ಟು ಬಿಟ್ಟವಳು. ಮಗಳು ಕೇಟಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಶನಿವಾರ ಮಾತ್ರ ಅಮ್ಮನ ಮನೆಗೆ ಬರುತ್ತಿದ್ದಳು. ಎಷ್ಟೋ ಕಾಲದ ನಂತರ ಡೆಬ್ರಾ ಓವನ್ ಹಚ್ಚಿ ಫೀಜೋವಾ ಹಣ್ಣಿನ ಸಿಹಿ ಮಾಡಿ, ನಿನ್ನ ಮಗಳಿಗೆ ಎಂದು ಡಬ್ಬಿ ಚಾಚಿದಾಗ ಬೇಡ ಎನ್ನಲು ಕಾತ್ಯಾಯಿನಿಗೆ ಬಾಯಿ ಬರಲಿಲ್ಲ. ಹಾಗೆ ಏನನ್ನೂ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಅಂದೇ ಮೇಲ್ವಿಚಾರಕಿಗೆ ತಿಳಿಸಬೇಕು ಎಂಬುದು ಆಫೀಸಿನ ನಿಯಮ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ನಿಧಿಗೆ ಜ್ವರ ಬಂತು, ಮಾತು ಮರೆತೇಹೋಯಿತು. ಮುಂದಿನ ಭೇಟಿಯಲ್ಲಿ ಡೆಬ್ರಾ ಫೋನಿನಲ್ಲಿದ್ದಳು. ಕಾತ್ಯಾಯಿನಿ ಸಕ್ಕರೆಯ ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಟ್ಟು ಬಂದಳು.

ಸೋಮವಾರದ ಮೀಟಿಂಗಿನಲ್ಲಿ ಮೆರೆಯಾನಾ ಮುಖ ಸಣ್ಣದು ಮಾಡಿಕೊಂಡು ಸುದ್ದಿ ಹೇಳಿದಳು. ಶನಿವಾರ ಮಗುವನ್ನು ಕರೆತಂದಿದ್ದ ಕೇಟಿಯ ಅಜ್ಜಿ ಡೆಬ್ರಾಳ ಅಡುಗೆಮನೆಯಲ್ಲಿ ಬಿಸ್ಕತ್ತು ಹಾಕಿಡಲು ಡಬ್ಬಿ ಹುಡುಕಿದ್ದಾರೆ. ಒಂದರ ತಳದಲ್ಲಿ ಬಿಳಿಯ ಹರಳುಗಳು ಕಂಡಿವೆ. ತಕ್ಷಣ ಮಗುವನ್ನು ಕರೆದುಕೊಂಡು ಹೊರಟುಹೋಗಿದ್ದಾರೆ. ಡಬ್ಬಿ ಅವರ ಹತ್ತಿರವೇ ಇದೆ. ತನಗೆ ಗೊತ್ತಿಲ್ಲ ಎಂದು ಡೆಬ್ರಾ ಅಳುತ್ತಿದ್ದಾಳೆ. ಶನಿವಾರದ ಭೇಟಿಗಳನ್ನು ಇನ್ನು ನಿಲ್ಲಿಸಬೇಕಾಗುತ್ತದೆ.

ವರದಿ, ಶುಕ್ರವಾರ, ರೆಸ್ಟ್ ಹೋಮ್‌ನ ಹಾಸಿಗೆಗಳು, ಎಲ್ಲವೂ ಒಟ್ಟಿಗೆ ಕಾತ್ಯಾಯಿನಿಯ ಕಣ್ಣ ಮುಂದೆ ಬಂದವು. ಆದರೂ ಅವಳು ಎದ್ದು ನಿಂತಿದ್ದಳು.

"ಅದು ಸಕ್ಕರೆ. ಹಾಕಿದ್ದು ನಾನು."

ಮೆರೆಯಾನಾ ಕಾರಿನ ಕೀಲಿ ತೆಗೆದುಕೊಂಡು ಅವಳನ್ನು ಕೇಟಿಯ ಅಜ್ಜಿಯ ಮನೆಗೆ ಕರೆದೊಯ್ದಳು.

ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಡಬ್ಬಿಯನ್ನು ಎರಡು ಚೀಲದಲ್ಲಿ ಸುತ್ತಿ ಗ್ಯಾರೇಜಿನ ಕಪಾಟಿನ ಮೇಲೆ ಇಟ್ಟಿದ್ದರು. ಕಾತ್ಯಾಯಿನಿ ಅದನ್ನು ಬಿಚ್ಚಿ, ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಅಜ್ಜಿ ಬೆಚ್ಚಿಬಿದ್ದರು. ಕಾತ್ಯಾಯಿನಿ ಇನ್ನೊಂದು ಸಲ ಅದ್ದಿ ನೆಕ್ಕಿದಳು.

"ಖಾಲಿ ಡಬ್ಬಿಗೆ ಯಾರಾದ್ರೂ ಸಕ್ಕರೆ ಹಾಕ್ತಾರಾ?" ಎಂದರು ಅಜ್ಜಿ.

"ನಮ್ಮಮ್ಮ ಹಾಕ್ತಾರೆ."

ಮೆರೆಯಾನಾ ತಾನೂ ಬೆರಳು ಅದ್ದಿ ರುಚಿ ನೋಡಿದಳು. ಅಜ್ಜಿ ಮೆಟ್ಟಿಲ ಮೇಲೆ ಕುಸಿದು ಕೂತು, ಮಗಳನ್ನು ಏನೇನೆಲ್ಲ ಅಂದುಬಿಟ್ಟೆನಲ್ಲ ಎಂದು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು.

ಅಲ್ಲಿಂದ ಡೆಬ್ರಾಳ ಮನೆಗೆ ಹೋದರು. ಅವಳು ಬೈಯುತ್ತಾಳೆ ಎಂದುಕೊಂಡಿದ್ದ ಕಾತ್ಯಾಯಿನಿಗೆ ಅವಳ ಮೆಲುದನಿಯೇ ಹೆಚ್ಚು ನೋವು ಕೊಟ್ಟಿತು.

"ಎರಡು ದಿನ, ಹಿಂದೆ ಯಾವಾಗ್ಲೋ 'ಪಿ'ನ ನಾನೇ ಎಲ್ಲೋ ಇಟ್ಟು ಮರೆತಿದೀನಿ ಅಂದ್ಕೊಂಡೆ. ಮನೆಯೆಲ್ಲ ಹುಡುಕ್ದೆ, ಇನ್ನೆಲ್ಲೆಲ್ಲಿ ಇಟ್ಟಿದೀನೋ ಅಂತ."

ಕಾತ್ಯಾಯಿನಿ ಕ್ಷಮೆ ಕೇಳಿದಳು. ಡೆಬ್ರಾ ಅವಳ ಕೈ ಹಿಡಿದುಕೊಂಡಳು.

ವಾಪಸ್ ಬರುವಾಗ ಮೆರೆಯಾನಾ ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಈ ನೆಲದ ಮೂಲನಿವಾಸಿಗಳಾದ ತಮ್ಮ ಜನರಲ್ಲೂ ಬರಿಗೈಲಿ ಯಾರೂ ಯಾರ ಮನೆಗೂ ಹೋಗುವುದಿಲ್ಲ, ಕಾತ್ಯಾಯಿನಿಯ ಮನಸ್ಸು ತನಗೆ ಅರ್ಥವಾಗುತ್ತದೆ ಎಂದಳು. ಕಾತ್ಯಾಯಿನಿಗೆ ಉಸಿರು ಬಂದಂತಾಯಿತು.

"ಆದ್ರೆ ವರದೀಲಿ ಬರೀತೀನಿ, ಕಾತ್ಯಾ. ಎಲ್ಲಾನೂ."

ಆ ಸಂಜೆ ಚಪಾತಿ ಒತ್ತುತ್ತಾ ಗಂಡ ಗುರುದತ್‌ಗೆ ಎಲ್ಲ ಹೇಳಿದಳು. ಅವನು ಬೇಯಿಸುತ್ತಿದ್ದ ಚಪಾತಿಯನ್ನು ಸೀಯಲು ಬಿಟ್ಟು ಕೇಳಿಸಿಕೊಂಡ. ಕೊನೆಗೆ, ನಿಮ್ಮಮ್ಮನ್ನ ಸಂದರ್ಶನಕ್ಕೆ ಕಳಿಸೋಣ, ತಪ್ಪು ಅವರದ್ದೇ ತಾನೇ ಎಂದ. ಅವಳು ನಗುತ್ತಲೇ ಅತ್ತಳು.

ಸಂದರ್ಶನದಲ್ಲಿ ಮೂವರಿದ್ದರು. ಅವರಲ್ಲೊಬ್ಬ ಹಿರಿಯರು ವರದಿಯ ಆ ಭಾಗವನ್ನು ಮತ್ತೊಮ್ಮೆ ಓದಿಕೊಂಡು, ನಿಯಮ ಮೀರಿ ತಿಂಡಿ ತೆಗೆದುಕೊಂಡದ್ದೋ, ಸಕ್ಕರೆ ಹಾಕಿದ್ದೋ, ಇದರಲ್ಲಿ ನಿನ್ನ ತಪ್ಪು ಯಾವುದು ಎಂದು ಕೇಳಿದರು. ಕಾತ್ಯಾಯಿನಿ ಬಸ್ಸಿನಲ್ಲಿ ಉರು ಹೊಡೆದುಕೊಂಡು ಬಂದ ಉತ್ತರ ಬೇರೆ ಇತ್ತು. ಬಾಯಿಗೆ ಬಂದದ್ದು ಬೇರೆ.

"ತಿಂಡಿ ತಗೊಂಡು ಹೇಳದೇ ಇದ್ದದ್ದು ತಪ್ಪು. ಅದಕ್ಕಿಂತ ದೊಡ್ಡದು, ಡೆಬ್ರಾಗೆ ಹೇಳದೆ ಅವಳ ಮನೇಲಿ ಒಂದು ವಸ್ತು ಇಟ್ಟಿದ್ದು. ತನ್ನನ್ನ ತಾನು ನಂಬೋದಕ್ಕೆ ಆಗಷ್ಟೇ ಕಲೀತಿದ್ಲು ಅವಳು. ಎರಡು ದಿನ ನಾನು ಅದನ್ನ ಕಿತ್ಕೊಂಡೆ."

ಯಾರೂ ಏನೂ ಬರೆದುಕೊಳ್ಳಲಿಲ್ಲ. ಆ ಹಿರಿಯರು ಇನ್ನು ಮುಂದೆ ಯಾರಾದರೂ ಡಬ್ಬಿ ಕೊಟ್ಟರೆ ಏನು ಮಾಡುತ್ತೀ ಎಂದರು. ಅಲ್ಲೇ ಅವರ ಮೇಜಿನ ಮುಂದೆ ಕೂತು ಒಂದು ತುತ್ತು ಅವರ ಜೊತೆ ತಿನ್ನುತ್ತೇನೆ, ಆಫೀಸಿಗೆ ಹೋಗಿ ಹೇಳುತ್ತೇನೆ ಎಂದಳು.

ನೋಂದಣಿಯ ಕಾಗದ ಮನೆಗೆ ಬಂದ ದಿನ ಅವಳು ಡೆಬ್ರಾಳ ಮನೆಯ ಮುಂದೆ ಆಫೀಸಿನ ಕಾರು ನಿಲ್ಲಿಸುತ್ತಿದ್ದಳು. ಅಮ್ಮ ಬಂದ ಮೇಲೆ ಒಡೆಯೋಣ ಎಂದ ಅಪ್ಪನ ಮಾತು ಕೇಳದೆ ನಿಧಿ ಒಡೆದೇ ಬಿಟ್ಟಿದ್ದಳು.

"ಅಮ್ಮಾ, ಯೂ ಗಾಟ್ ಇಟ್. ಫುಲ್ ರೆಜಿಸ್ಟ್ರೇಷನ್," ಎಂದಿತು ಫೋನಿನಲ್ಲಿ ಆ ಪುಟ್ಟ ದನಿ.

ಗುರುದತ್ ಫೋನು ಕಿತ್ತುಕೊಂಡು, ಕೆಲಸ ಮಾಡೋ ಸರ್ಟಿಫಿಕೇಟು ವರ್ಷ ವರ್ಷ ಹೊಸದಾಗಿ ತಗೋಬೇಕಂತೆ ಕಣೇ, ಇಲ್ಲಿಗೆ ಮುಗಿಯಲಿಲ್ಲ ಎಂದ.

"ತಗೊಳ್ಳೋಣ ಬಿಡ್ರೀ," ಎಂದಳು ಅವಳು.

ಕಣ್ಣೊರೆಸಿಕೊಂಡು ಇಳಿದಳು. ಅಂದು ಶನಿವಾರವಲ್ಲ. ಆದರೂ ಬಾಗಿಲು ತೆಗೆದದ್ದು ಕೇಟಿ. ಕೈಯೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಮಗು ಒಳಗೆ ತಿರುಗಿ, ಮಮ್, ನಿನ್ನ ಸೋಷಿಯಲ್ ವರ್ಕರ್ ಬಂದಿದಾರೆ ಎಂದು ಕೂಗಿತು.