ಬಿಟ್ಟು ಬರುವುದು

ಮತ್ತೆ ನಿಂತಿತು. ಎರಡು ಸಲ ಕೆಮ್ಮಿ, ಒಮ್ಮೆ ಮೈ ಕೊಡವಿ, ಹಿಂದಿನಿಂದ ಒಂದಿಷ್ಟು ಕಪ್ಪು ಹೊಗೆ ಉಗುಳಿ ಸುಮ್ಮನಾಯಿತು. ಅವನು ಕೀಲಿಯನ್ನು ಹಿಂದಕ್ಕೆ ತಿರುಗಿಸಿ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೂತ. ಕಾರಿನ ತುಂಬ ಪೆಟ್ರೋಲಿನ ವಾಸನೆ.

ಕೆಟ್ಟಿತಲ್ಲ ಎಂದು ಬೇಸರವಾಗಬೇಕಿತ್ತು. ಆದದ್ದು ಸಮಾಧಾನ. ಅದು ತನಗೇ ಗೊತ್ತಾಗಿ ಅವನಿಗೆ ಸ್ವಲ್ಪ ನಾಚಿಕೆಯಾಯಿತು.

ಬೆಳಿಗ್ಗೆ ಕಾಫಿಯ ಲೋಟವನ್ನು ಮುಂದಿಡುತ್ತ ಹೆಂಡತಿ ಹೇಳಿದ್ದಳು: "ನನ್ನನ್ನ ಬಿಟ್ಟುಬಿಡಿ."

ಅವನು ಪೇಪರಿನಿಂದ ತಲೆ ಎತ್ತಿ, "ಎಲ್ಲಿಗೆ?" ಎಂದಿದ್ದ.

ಅವಳು ಅವನ ಮುಖವನ್ನೇ ನೋಡಿದಳು. ನಗುತ್ತಾಳೇನೋ ಅನ್ನಿಸಿತು. ನಗಲಿಲ್ಲ.

"ಅಕ್ಕನ ಮನೆಗೆ," ಎಂದಳು.

"ಕಾರು ಸರಿ ಮಾಡಿ ಸಾಯಂಕಾಲ ಬಿಡ್ತೀನಿ."

"ಬಾಡಿಗೆ ಗಾಡಿ ಸಿಗುತ್ತೆ."

"ಮನೇಲಿ ಕಾರಿಟ್ಕೊಂಡು ಬಾಡಿಗೆ ಗಾಡಿ ಯಾಕೆ?"

ಬಿಡು ಅನ್ನುವ ಒಂದು ಮಾತಿನ ಕೈಲಿ ಜನ ಎಷ್ಟು ಕೆಲಸ ಮಾಡಿಸುತ್ತಾರೆ. ಕಾರು ಬಿಡುತ್ತಾರೆ, ಸಿಗರೇಟು ಬಿಡುತ್ತಾರೆ. ಮನೆಗೂ ಬಿಡುತ್ತಾರೆ, ಮನೆಯನ್ನೂ ಬಿಡುತ್ತಾರೆ. ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಒಂದು ಶಬ್ದಕ್ಕೆ ಎರಡು ಅರ್ಥವಿದ್ದರೆ ವಾದ ಎಲ್ಲಿ ಕಾಲು ಜಾರುತ್ತದೆಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸುವವನು. ಮಾತು ಮಾತಿಗೂ 'ಹಾಗಾದರೆ' ಅನ್ನುತ್ತಾನೆಂದು ಹುಡುಗರು ಅವನನ್ನು ಹಾಗಾದರೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೆಂಡತಿ ಯಾವ ಅರ್ಥದಲ್ಲಿ ಆಡಿದಳೆಂದು ಅವನಿಗೆ ಆ ಗಳಿಗೆಯಲ್ಲೇ ಗೊತ್ತಾಗಿತ್ತು. ಗೊತ್ತಾಗಿಯೂ ಇನ್ನೊಂದು ಅರ್ಥಕ್ಕೆ ಕೈ ಹಾಕಿದ. ಅವಳೂ, ಕೇಳಿದ್ದು ಅದೇ ತಾನೆ ಎನ್ನುವ ಹಾಗೆ, ಅದನ್ನೇ ಕೊಟ್ಟಳು.

ಈಗ ಸಾಯಂಕಾಲದವರೆಗೆ ಹೊತ್ತಿತ್ತು. ಅಷ್ಟರಲ್ಲಿ ಅವನು ಏನಾದರೂ ಹೇಳಬೇಕು. ಸರಿಯಾದದ್ದನ್ನು ಹೇಳಿದರೆ ಅವಳು ಉಳಿದಾಳು. ಏನು ಹೇಳುವುದೆಂದು ಯೋಚಿಸುವುದಕ್ಕೆ ಅವನು ಕೆಳಗಿಳಿದು ಬಾನೆಟ್ ಎತ್ತಿದ.

ಕಾರು ಅವನ ಅಪ್ಪನ ಕಾಲದ್ದು. ಅಂಥವು ಈಗ ಮದುವೆಯ ಫೋಟೋಕ್ಕೆ, ಸಿನಿಮಾದವರಿಗೆ ಬೇಕು. ಓಡಾಡುವವರಿಗೆ ಬೇಡ. ಅವನು ಮಾತ್ರ ಅದರ ಕಾರ್ಬೊರೇಟರನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲ. "ಈ ಕಾರು ಯಾಕೆ ಕೆಡುತ್ತೆ ಗೊತ್ತಾ? ನೀವು ರಿಪೇರಿ ಮಾಡ್ತೀರಲ್ಲ, ಅದಕ್ಕೆ," ಎಂದು ಹೆಂಡತಿ ಒಂದು ಕಾಲಕ್ಕೆ ತಮಾಷೆ ಮಾಡುತ್ತಿದ್ದಳು. ಮಾತು ಬೆಳೆಯುವ ಸೂಚನೆ ಕಂಡರೆ ಸಾಕು, ಅವನು ಸ್ಪ್ಯಾನರ್ ಹಿಡಿದು ಶೆಡ್ಡಿಗೆ ಬರುತ್ತಿದ್ದ. ಅವಳು ತಮಾಷೆ ನಿಲ್ಲಿಸಿದ್ದು ಯಾವಾಗ ಎಂದು ಅವನಿಗೆ ನೆನಪಿಲ್ಲ.

ನೆನಪಿದೆ. ನೆನಪಿಲ್ಲವೆಂದುಕೊಳ್ಳುವುದು ಅಭ್ಯಾಸವಾಗಿದೆ.

ಅವಳು ಆಸ್ಪತ್ರೆಯಿಂದ ವಾಪಸು ಬಂದ ದಿನ. ಏಳು ತಿಂಗಳು ಹೊತ್ತದ್ದನ್ನು ಅಲ್ಲೇ ಕಳೆದುಕೊಂಡು ಬಂದಿದ್ದಳು. ಅವಳ ಅಕ್ಕ ಬಾಡಿಗೆ ಗಾಡಿಯಿಂದ ಕೈ ಹಿಡಿದು ಇಳಿಸಿದಾಗ ಅವನು ಹೀಗೇ ಬಾನೆಟ್ಟಿನ ಕೆಳಗೆ ಬಗ್ಗಿಕೊಂಡಿದ್ದ. ಕತ್ತಲಾಗುತ್ತಿತ್ತು. "ಬಂದ್ಯಾ? ಆ ಟಾರ್ಚ್ ಸ್ವಲ್ಪ ಹಿಡಿ," ಎಂದ. ಅವಳು ಹಿಡಿದಳು. ಅವನು ಕಾರ್ಬೊರೇಟರಿನ ಸಣ್ಣ ತೂತಿನ ಜೆಟ್ಟನ್ನು ಊದಿ, ಕಣ್ಣಿಗೆ ಹಿಡಿದು ನೋಡಿ, ಮತ್ತೆ ಕೂರಿಸುವವರೆಗೆ ಬೆಳಕು ಒಂದಿಷ್ಟೂ ಅಲುಗಲಿಲ್ಲ. ಎಷ್ಟು ಗಟ್ಟಿಗಿತ್ತಿ ಎಂದು ಅವನು ಆವತ್ತು ಹೆಮ್ಮೆಪಟ್ಟಿದ್ದ.

ಗಾಳಿಶೋಧಕವನ್ನು ಬಿಚ್ಚಿ ಒಳಗೆ ನೋಡಿದ. ಒದ್ದೆ. ಪೆಟ್ರೋಲು ಬೇಕಾದ್ದಕ್ಕಿಂತ ಹೆಚ್ಚು ಬಂದು ಇಂಜಿನ್ನಿಗೆ ಉಸಿರು ಕಟ್ಟಿದೆ. ಹಾಗಾದರೆ ಒಂದೋ ಗಾಳಿಯನ್ನು ತಡೆಯುವ ಚೋಕ್ ಹಿಡಿದುಕೊಂಡಿದೆ, ಇಲ್ಲವೇ ಪೆಟ್ರೋಲನ್ನು ತಡೆಯುವ ಸೂಜಿ ಸವೆದಿದೆ, ಇಲ್ಲವೇ ಫ್ಲೋಟ್. ಚೋಕಿನ ರೆಕ್ಕೆ ಸಲೀಸಾಗಿ ಆಡುತ್ತಿತ್ತು. ಸೂಜಿಯ ಮೊನೆ ಚೆನ್ನಾಗಿತ್ತು. ಕಾರ್ಬೊರೇಟರಿನ ಬಟ್ಟಲೊಳಗಿಂದ ಫ್ಲೋಟನ್ನು, ಆ ಪುಟ್ಟ ಹಿತ್ತಾಳೆಯ ಡಬ್ಬಿಯನ್ನು ಹೊರಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ.

ಒಳಗೆ ಕುಳುಕ್ ಎಂದಿತು.

ಸಿಕ್ಕಿತು. ಅದರ ಕೆಲಸ ತೇಲುವುದು, ತೇಲಿ ಮೇಲೆದ್ದು ಪೆಟ್ರೋಲಿನ ಬಾಗಿಲು ಮುಚ್ಚುವುದು. ಎಲ್ಲೋ ಸೂಜಿಮೊನೆಯಷ್ಟು ತೂತಾಗಿ ಯಾವುದರ ಮೇಲೆ ತೇಲಬೇಕೋ ಅದೇ ಒಳಗೆ ಹೊಕ್ಕು ಕೂತಿದೆ.

"ಏನು ಮೇಷ್ಟ್ರೇ, ಇವತ್ತೂ ವಾಯಿದೆನಾ?"

ಕಾಂಪೌಂಡಿನಾಚೆ ಪಕ್ಕದ ಮನೆಯ ಬೆಂಚ್ ಕ್ಲರ್ಕು. ಕೋರ್ಟಿನಿಂದ ನಿವೃತ್ತನಾದರೂ ಕೋರ್ಟು ಅವನನ್ನು ಬಿಟ್ಟಿರಲಿಲ್ಲ.

"ಇವತ್ತು ತೀರ್ಪು," ಎಂದ ಅವನು.

"ಈ ಕೇಸಲ್ಲಿ ನಾನು ತೀರ್ಪು ಕಂಡಿಲ್ಲ ಬಿಡಿ. ಅಲ್ಲ, ಹಾಲ್‌ನಲ್ಲಿ ಎರಡು ಪೆಟ್ಟಿಗೆ ಕಾಣ್ತು. ಅಮ್ಮಾವ್ರು ಎಲ್ಲಿಗೋ ಹೊರಟ ಹಾಗಿದೆ?"

"ಅಕ್ಕನ ಮನೆಗೆ. ಸಾಯಂಕಾಲ ಬಿಟ್ಟು ಬರ್ತೀನಿ."

"ಬಿಟ್ಟು ಬರ್ತೀರಾ, ಕರ್ಕೊಂಡು ಬರ್ತೀರಾ?" ಕ್ಲರ್ಕು ತನ್ನ ಮಾತಿಗೆ ತಾನೇ ನಕ್ಕ. "ನಮ್ಮವಳನ್ನೂ ಸ್ವಲ್ಪ ಬಿಟ್ಟು ಬನ್ನಿ ಸ್ವಾಮಿ, ಪುಣ್ಯ ಬರುತ್ತೆ."

ಒಳಗಿನಿಂದ ಕ್ಲರ್ಕಿನ ಹೆಂಡತಿ, "ಕೇಳಿಸ್ತು ರೀ!" ಎಂದು ಕೂಗಿದಳು. ಗಂಡ ಹೆಂಡತಿ ಇಬ್ಬರೂ ನಗತೊಡಗಿದರು, ತಮ್ಮ ಮನೆಯ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು. ಅವನೂ ನಕ್ಕ. ನಗು ಬಾಯಲ್ಲಿ ಬಟ್ಟೆ ತುರುಕಿದ ಹಾಗಿತ್ತು.

ತೂತು ಹುಡುಕಲು ಬಿಸಿನೀರು ಬೇಕು. ಅಡುಗೆಮನೆಯ ಕಿಟಕಿಗೆ ಕೇಳುವಷ್ಟು ಜೋರಾಗಿ ಹೇಳಿದ. ತುಸು ಹೊತ್ತಿಗೆ ಹೆಂಡತಿ ಹಬೆಯಾಡುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದಳು. ಹೊರಡುವ ಸೀರೆ ಉಟ್ಟಾಗಿತ್ತು.

"ಹಾಲಿನ ಪಾತ್ರೆ. ಇನ್ನು ಇದು ಹಾಲಿಗೆ ಬರಲ್ಲ."

"ಬೇರೆ ತಗೊಳ್ಳೋಣ."

"ತಗೊಳ್ಳಿ," ಎಂದಳು.

ಫ್ಲೋಟನ್ನು ನೀರಿನಲ್ಲಿ ಅದುಮಿ ಹಿಡಿದ. ಇಬ್ಬರೂ ಬಗ್ಗಿ ನೋಡಿದರು. ಅವಳ ಕೂದಲು ಅವನ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. ಇಷ್ಟು ಹತ್ತಿರ ಬಂದು ಎಷ್ಟು ದಿನವಾಯಿತು? ಈಗ ಹೇಳಬೇಕು, ಈಗ, ಎಂದುಕೊಂಡ.

"ಅಗೋ," ಎಂದಳು.

ಹಿತ್ತಾಳೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಎದ್ದವು. ಒಂದರ ಹಿಂದೊಂದು, ದಾರಕ್ಕೆ ಪೋಣಿಸಿದ ಹಾಗೆ, ಮೇಲೆ ಬಂದು ಒಡೆಯುತ್ತಿದ್ದವು.

"ಎಷ್ಟು ದಿನದಿಂದ ಒಳಗೇ ತುಂಬ್ಕೊಂಡಿತ್ತೋ, ಪಾಪ."

"ಪಾಪ ಅನ್ನೋಕೆ ಅದೇನು ಮಗುನಾ?"

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೆ ಕೇಳಿಸಿತು. ತಲೆ ಎತ್ತಲಿಲ್ಲ. ಗುಳ್ಳೆ ಬರುವ ಜಾಗಕ್ಕೆ ಮೊಳೆಯಿಂದ ಗೀಚಿ ಗುರುತು ಮಾಡಿದ. ಗುರುತು ಬೇಕಾದ್ದಕ್ಕಿಂತ ಆಳವಾಯಿತು.

"ನೀರು ಆರ್ತು," ಎಂದಳು ಅವಳು. ಪಾತ್ರೆ ಅಲ್ಲೇ ಬಿಟ್ಟು ಒಳಗೆ ಹೋದಳು.

ಆಮೇಲಿನ ಕೆಲಸವನ್ನು ಅವನು ಅಚ್ಚುಕಟ್ಟಾಗಿ ಮಾಡಿದ. ಒಳಗಿನ ಪೆಟ್ರೋಲೆಲ್ಲ ಹೊರಟುಹೋಗುವವರೆಗೂ ತಾಳ್ಮೆಯಿಂದ ಒಣಗಿಸಿದ. ಅದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಊಟಕ್ಕೆ ಕರೆದಾಗ, "ಕೈ ಕೊಳೆಯಾಗಿದೆ, ಆಮೇಲೆ," ಎಂದ. ಎರಡನೇ ಸಲ ಅವಳು ಕರೆಯಲಿಲ್ಲ. ಬೆಸುಗೆ ಹಾಕಿದ. ಬೆಸುಗೆ ಹೆಚ್ಚಾದರೆ ಫ್ಲೋಟು ಭಾರವಾಗಿ ಮತ್ತೆ ಮುಳುಗುತ್ತದೆಂದು ಗೊತ್ತಿದ್ದುದರಿಂದ ಕೂದಲೆಳೆಯಷ್ಟೇ ಉಳಿಯುವ ಹಾಗೆ ಅರದಿಂದ ಉಜ್ಜಿದ. ಉಜ್ಜುತ್ತ ಮನಸ್ಸಿನಲ್ಲೇ ವಾಕ್ಯ ಕಟ್ಟಿದ. ಆವತ್ತು ನಾನು ಹಾಗೆ ಹೇಳಬಾರದಿತ್ತು. ಆವತ್ತು ನನಗೂ ದುಃಖವಾಗಿತ್ತು. ನನಗೆ ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ, ಅದಕ್ಕೇ ಟಾರ್ಚ್ ಕೊಟ್ಟೆ. ಒಂದೊಂದನ್ನೂ ಹುಡುಗರ ಉತ್ತರಪತ್ರಿಕೆ ತಿದ್ದುವ ಹಾಗೆ ತಿದ್ದಿದ. ಕೊನೆಗೆ ಯಾವುದಕ್ಕೂ ಅಂಕ ಬರಲಿಲ್ಲ.

ಸಂಜೆಗೆ ಇಂಜಿನ್ ಕೀಲಿಯ ಮೊದಲ ತಿರುವಿಗೇ ಹಿಡಿಯಿತು. ಕೆಮ್ಮಿಲ್ಲ, ಹೊಗೆಯಿಲ್ಲ. ಒಂದೇ ಸಮ. ಕ್ಲರ್ಕು ಗೋಡೆಯಾಚೆಯಿಂದ ಚಪ್ಪಾಳೆ ತಟ್ಟಿದ. ಅವನಿಗೆ ಒಂದು ಗಳಿಗೆ ನಿಜವಾಗಿಯೂ ಖುಷಿಯಾಗಿಬಿಟ್ಟಿತು. "ಬಾ, ರೆಡಿ!" ಎಂದು ಜೋರಾಗಿ ಕೂಗಿದ, ಜಾತ್ರೆಗೆ ಕರೆಯುವವನ ಹಾಗೆ.

ಅವಳು ಪೆಟ್ಟಿಗೆಗಳನ್ನು ತಾನೇ ತಂದು ಹಿಂದಿನ ಸೀಟಿನಲ್ಲಿಟ್ಟಳು.

ದಾರಿಯಲ್ಲಿ ಕಾರು ಏರಿನಲ್ಲೂ ಸಲೀಸಾಗಿ ಹೋಯಿತು. ಅವನು ಒಂದೆರಡು ಸಲ, "ಹೇಗೆ ಎಳೀತಿದೆ ನೋಡು," ಎಂದ. ಅವಳು "ಹೂಂ" ಎಂದಳು. ಅಕ್ಕನ ಮನೆಗೆ ಇನ್ನು ಒಂದೇ ತಿರುವು ಅನ್ನುವಾಗ ರೈಲ್ವೆ ಗೇಟು ಬಿತ್ತು. ಅವರ ಕಾರೇ ಮೊದಲು. ಹಿಂದೆ ಗಾಡಿಗಳು ಬಂದು ನಿಂತವು. ಆಚೆಗೂ ಒಂದು ಸಾಲು ಬೆಳೆಯಿತು.

"ಇಲ್ಲಿಂದ ನಡ್ಕೊಂಡು ಹೋಗ್ತೀನಿ," ಎಂದಳು.

"ಗೇಟ್ ತೆಗೀಲಿ. ಬಾಗಿಲಿಗೇ ಬಿಡ್ತೀನಿ."

"ಬೆಳಿಗ್ಗೆ ನಾನು ಕೇಳಿದ್ದು ಇದಲ್ಲ ಅಂತ ನಿಮಗೆ ಗೊತ್ತಿತ್ತು."

ಅವನು ಗೇಟನ್ನೇ ನೋಡುತ್ತಿದ್ದ.

"ಗೊತ್ತಿತ್ತು ತಾನೆ?"

"ಹಾಗಾದರೆ..." ಎಂದ. ಮುಂದಿನದು ಬರಲಿಲ್ಲ. ಅವಳು ಕಾದಳು. ನಿಜವಾಗಿಯೂ ಕಾದಳು, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು, ಅವನ ತುಟಿಯನ್ನೇ ನೋಡುತ್ತ. ಅವನ ಕಿವಿ ಇಂಜಿನ್ನಿನ ಕಡೆಗೇ ಇತ್ತು.

ಅವಳು ಇಳಿದು ಎರಡು ಕೈಗೂ ಪೆಟ್ಟಿಗೆ ತೆಗೆದುಕೊಂಡಳು. ಗೇಟಿನ ಪಕ್ಕದಲ್ಲಿ ನಡೆಯುವವರು ದಾಟುವುದಕ್ಕೆಂದು ಒಂದು ಸಂದಿ. ಪೆಟ್ಟಿಗೆಗಳನ್ನು ಒಂದೊಂದಾಗಿ ತೂರಿಸಿ, ಹಳಿ ದಾಟಿ, ಆಚೆಗೆ ಹೋದಳು.

ಗೂಡ್ಸ್ ಗಾಡಿ ಬಂತು. ಖಾಲಿ ಡಬ್ಬಿಗಳು, ಬಾಗಿಲು ತೆರೆದಿದ್ದವು. ಎರಡು ಡಬ್ಬಿಗಳ ನಡುವೆ ಅವಳ ಬೆನ್ನಿನ ಒಂದು ಚೂರು ಕಾಣುತ್ತಿತ್ತು, ಮರೆಯಾಗುತ್ತಿತ್ತು. ಮತ್ತೊಂದು ಚೂರು. ಆಮೇಲೆ ಬೇರೆ ಯಾರದೋ.

ಗಾಡಿ ದಾಟಿತು. ಗೇಟು ಏಳಲಿಲ್ಲ. ಗೇಟಿನವನು ಕೈಯಾಡಿಸಿ ಕೂಗಿ ಹೇಳಿದ: "ಆ ಕಡೆಯಿಂದ ಇನ್ನೊಂದು ಬರ್ತಿದೆ, ಆಫ್ ಮಾಡಿ ಸ್ವಾಮಿ."

ಹಿಂದಿನವರೆಲ್ಲ ಇಂಜಿನ್ ನಿಲ್ಲಿಸಿದರು. ಅವನು ನಿಲ್ಲಿಸಲಿಲ್ಲ. ಹೊತ್ತು ಮುಳುಗಿತ್ತು. ಆಚೆಯ ಸಾಲಿನಲ್ಲಿ ಒಂದು ಗಾಡಿ ದೀಪ ಹಾಕಿತು, ಅದರ ಹಿಂದಿನದೂ ಹಾಕಿತು, ಅದರ ಹಿಂದಿನದೂ. ಎಲ್ಲ ಬೆಳಕೂ ನೇರ ಅವನ ಮುಖಕ್ಕೆ ಬಿತ್ತು, ಅಲುಗದೆ. ಅದರ ಹಿಂದೆ ರಸ್ತೆಯಿತ್ತೋ, ಮನೆಗಳಿದ್ದವೋ, ಯಾರಾದರೂ ನಿಂತಿದ್ದರೋ, ಅವನಿಗೆ ಏನೂ ಕಾಣಲಿಲ್ಲ.