ಕೆಂಪು ಚೀಟಿಯ ಬೆಕ್ಕು

ಕುಲ್ಗಾರದಲ್ಲಿ ಬೀದಿಯ ಬೆಕ್ಕು ನಾಯಿಗಳನ್ನು ಹಿಡಿದಿಡುವ ಊರ ಕೌನ್ಸಿಲ್ಲಿನ ದೊಡ್ಡಿಗೆ ಡಾಕ್ಟರು ಬರುವುದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ. ರೋಗ ನೋಡಲಿಕ್ಕಲ್ಲ, ಯಾರೂ ಒಯ್ಯದವಕ್ಕೆ ಕೊನೆಯ ಸೂಜಿ ಚುಚ್ಚಲಿಕ್ಕೆ. ಕೌನ್ಸಿಲ್ಲಿನ ಕಾಗದಗಳಲ್ಲಿ ಅದಕ್ಕೆ ‘ಮಲಗಿಸುವುದು’ ಎಂದು ಹೆಸರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮೊಯ್ರಾ ಡೆಂಪ್ಸಿಗೆ ಮೈಯೆಲ್ಲ ಉರಿಯುತ್ತಿತ್ತು. ಮಲಗಿದ್ದು ಏಳಬೇಕು, ಏಳದೇ ಹೋದರೆ ಅದಕ್ಕೆ ಬೇರೆ ಮಾತಿದೆ, ಅದನ್ನು ಬರೆಯುವಷ್ಟು ಧೈರ್ಯ ಕೌನ್ಸಿಲ್ಲಿಗಿಲ್ಲ ಎಂದು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದಳು. ಊರಿನವರು ಹೂಂ ಎನ್ನುತ್ತಿದ್ದರು, ಬಿಯರು ಕುಡಿಯುತ್ತಿದ್ದರು, ಮನೆಗೆ ಹೋಗುತ್ತಿದ್ದರು.

ಆ ಗುರುವಾರ ಅವಳು ಹತ್ತೂವರೆಗೇ ಬಂದಳು. ತಾನು ಅಡುಗೆಗಿದ್ದ ಬೌಲಿಂಗ್ ಕ್ಲಬ್ಬಿನಲ್ಲಿ ಕುರಿಮಾಂಸ ಒಲೆಗೆ ಇಟ್ಟು, ಕಟ್ಟಿದ ಏಪ್ರನ್ನನ್ನೂ ಬಿಚ್ಚದೆ ಗಾಡಿ ಹತ್ತಿದ್ದಳು. ಹಿಂದಿನ ಸೀಟಿನಲ್ಲಿ ಖಾಲಿ ಬೆಕ್ಕಿನ ಬುಟ್ಟಿಗಳು, ಹಳೆಯ ಟವೆಲ್ಲುಗಳು, ಏಪ್ರನ್ನಿನ ಜೇಬಿನಲ್ಲಿ ಒಂದು ಡಬ್ಬ ಟ್ಯೂನಾ ಮೀನು. ಅರವತ್ತೊಂದು ವರ್ಷದ ಈ ಹೆಂಗಸು ಎಂಟು ವರ್ಷದಿಂದ ಹಿಡಿದ ಕೆಲಸ ಇದು: ಸೂಜಿ ಬರುವ ಮೊದಲು ಆದಷ್ಟು ಬೆಕ್ಕುಗಳನ್ನು ದೊಡ್ಡಿಯಿಂದ ಹೊರಗೆ ತಂದು, ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸಾಕಿ, ಒಳ್ಳೆಯ ಮನೆ ಹುಡುಕಿ ಕೊಡುವುದು. ಗುರುವಾರದ ಬೆಕ್ಕುಗಳನ್ನು ಕೌನ್ಸಿಲ್ಲಿನ ರಕ್ಷಕರ ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಕೊಡುತ್ತಿದ್ದರು, ಮತ್ತು ಇಡೀ ಕುಲ್ಗಾರದಿಂದ ಆ ಪಟ್ಟಿಯಲ್ಲಿದ್ದದ್ದು ಅವಳೊಬ್ಬಳೇ.

ಕೆಂಪು ಚೀಟಿ ಬಿದ್ದ ಬೆಕ್ಕನ್ನು ಮಾತ್ರ ಅವಳಿಗೂ ಕೊಡುವಂತಿರಲಿಲ್ಲ. ಕೆಂಪು ಚೀಟಿಯ ಮೇಲೆ ಬರೆದಿರುವುದು ‘ಕಾಡು’ ಎಂಬ ಒಂದೇ ಮಾತು. ಅಂದರೆ ಮನುಷ್ಯರ ಜೊತೆ ಬಾಳದ್ದು, ಯಾರಿಗೂ ಬೇಡದ್ದು.

ಹಿಂದಿನ ದಿನ ಗೋಧಿ ಕಣಜದ ಬಳಿ ಬೋನಿಗೆ ಬಿದ್ದ ಬೂದು ಬಣ್ಣದ ತಾಯಿಬೆಕ್ಕು ಮೂರನೇ ಗೂಡಿನಲ್ಲಿತ್ತು. ಮರಿಗಳು ನಾಲ್ಕು, ಕಣ್ಣು ಬಿಟ್ಟು ವಾರವಾಗಿರಬೇಕು. ಗೂಡಿನ ಬಾಗಿಲಿಗೆ ಕೆಂಪು ಚೀಟಿ ನೇತಾಡುತ್ತಿತ್ತು.

“ಇದಕ್ಕೆ ಯಾರು ಹಾಕಿದ್ದು?” ಎಂದು ಮೊಯ್ರಾ ಕೇಳಿದಳು.

ದೊಡ್ಡಿಯ ಕೆಲಸಗಾರ ನೆವಿಲ್ ಪಾಸ್ಕೊ ಪೈಪು ಹಿಡಿದು ನೆಲ ತೊಳೆಯುತ್ತಿದ್ದ. ಅವನು ತಲೆಯೆತ್ತದೆ ಆಫೀಸಿನ ಕಡೆ ಗದ್ದ ತೋರಿಸಿದ. ಹತ್ತೊಂಬತ್ತು ವರ್ಷದಿಂದ ಡಾಕ್ಟರು ಸೂಜಿ ಚುಚ್ಚುವಾಗ ಬೆಕ್ಕುಗಳನ್ನು ಅಲುಗಾಡದಂತೆ ಹಿಡಿದುಕೊಳ್ಳುವವನು ಇವನೇ. ಅದಕ್ಕಾಗಿ ಮೊಯ್ರಾ ಅವನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಶುಕ್ರವಾರ ಅವನು ಕ್ಲಬ್ಬಿಗೆ ಊಟಕ್ಕೆ ಬಂದರೆ ಮೀನಿನ ಬಾಲದ ಕಡೆಯ ಒಣಕಲು ತುಂಡನ್ನೇ ಹುಡುಕಿ ಬಡಿಸುತ್ತಿದ್ದಳು. ಅವನು ಒಂದು ದಿನವೂ ಯಾಕೆಂದು ಕೇಳಿರಲಿಲ್ಲ.

ಆಫೀಸಿನಿಂದ ಟೆಗನ್ ಪ್ರಾಯರ್ ಹೊರಗೆ ಬಂದಳು. ಕರಾವಳಿಯ ದೊಡ್ಡ ಕೌನ್ಸಿಲ್ಲಿನಿಂದ ಮೂರು ತಿಂಗಳ ಹಿಂದೆ ಬಂದ ಮ್ಯಾನೇಜರು. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದಗಳು.

“ಮೊಯ್ರಾ, ಒಳ್ಳೇ ಹೊತ್ತಿಗೆ ಬಂದ್ರಿ. ಮೂರನೇ ಗೂಡಿನ ಮರಿಗಳು ನಾಲ್ಕೂ ನಿಮಗೇ. ಬಾಟಲಿ ಹಾಲು ಕುಡಿಸಿ ಸಾಕಬಹುದು.”

“ತಾಯಿ ಕಣ್ಣೆದುರಿಗಿರೋವಾಗ ಬಾಟಲಿ ಯಾಕೆ?”

“ತಾಯಿಗೆ ಕೆಂಪು ಚೀಟಿ.”

“ಅದು ಕಾಣಿಸ್ತಿದೆ. ಯಾಕೆ ಅಂತ ಕೇಳ್ತಿದೀನಿ.”

ಟೆಗನ್ ಕಾಗದ ತಿರುವಿದಳು. “ಪೆನ್ ಪರೀಕ್ಷೆಯಲ್ಲಿ ಫೇಲಾಗಿದೆ. ಬೋನಿನೊಳಗೆ ಪೆನ್ನು ಹಾಕಿ ಮೈ ಮುಟ್ಟಿದಾಗ ಬುಸುಗುಟ್ಟಿ ಪಂಜ ಎತ್ತಿತು. ನಿನ್ನೆ ಎರಡು ಹತ್ತಕ್ಕೆ.”

“ಬೋನು ಇಲ್ಲಿಗೆ ಬಂದದ್ದು ಎಷ್ಟು ಹೊತ್ತಿಗೆ?”

“ಎರಡು ಗಂಟೆಗೆ.”

ಮೊಯ್ರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿನ್ನೆ ನಲವತ್ತೊಂದು ಡಿಗ್ರಿ ಬಿಸಿಲು. ಕಬ್ಬಿಣದ ಬೋನಿನಲ್ಲಿ ಮರಿಗಳ ಜೊತೆ ಮುದುಡಿ ಕೂತು, ತೆರೆದ ಗಾಡಿಯಲ್ಲಿ ಹತ್ತು ಮೈಲಿ ಕುಲುಕಾಡಿ, ನಾಯಿಗಳು ಬೊಗಳುವ ಸಾಲಿನ ಎದುರು ಇಳಿದ ಬಾಣಂತಿಗೆ ಹತ್ತೇ ನಿಮಿಷದಲ್ಲಿ ಪರೀಕ್ಷೆ. ಅದೂ ಪೆನ್ನಿನಿಂದ ತಿವಿದು.

“ಟೆಗನ್, ನಿಮ್ಮನ್ನ ಡಬ್ಬದೊಳಗೆ ಹಾಕಿ, ಮಕ್ಕಳನ್ನ ಮಡಿಲಲ್ಲಿಟ್ಟು, ಪಕ್ಕೆಗೆ ಪೆನ್ನಿಂದ ತಿವಿದ್ರೆ ನೀವು ನಮಸ್ಕಾರ ಹೇಳ್ತೀರಾ? ನನ್ನ ಗಂಡ ಮೂವತ್ತು ವರ್ಷ ನನ್ನ ಮೇಲೆ ಬುಸುಗುಟ್ಟಿದಾನೆ. ಅವನಿಗೆ ಯಾರೂ ಸೂಜಿ ಚುಚ್ಚಲಿಲ್ಲ.”

“ನಾನು ಮಾಡಿದ ನಿಯಮ ಅಲ್ಲ ಇದು.”

“ನೀವು ಮಾಡಿದ್ದಲ್ಲ ಸರಿ. ಚೀಟಿ ಬರ್ದಿದ್ದು ನಿಮ್ಮ ಕೈ ತಾನೆ.”

ಮೊಯ್ರಾ ಗೂಡಿನ ಮುಂದೆ ಒದ್ದೆ ಸಿಮೆಂಟಿನ ಮೇಲೇ ಕೂತಳು. ಏಪ್ರನ್ನಿನ ಜೇಬಿನಿಂದ ಮೀನಿನ ಡಬ್ಬ ತೆಗೆದು, ಮುಚ್ಚಳದ ಉಂಗುರಕ್ಕೆ ಬೆರಳು ಹಾಕಿ ಎಳೆದಳು. ಟಪ್ ಎಂದು ಸದ್ದಾಯಿತು.

ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡಿದ್ದ ಬೆಕ್ಕು ಕಿವಿ ನಿಮಿರಿಸಿತು. ಆಮೇಲೆ ಎದ್ದು ನಿಂತು, ಮೊಯ್ರಾಳ ಮುಖವನ್ನೇ ನೋಡುತ್ತ ಮಿಯಾಂವ್ ಎಂದಿತು. ಹತ್ತಿರ ಬಂದಾಗ ಕುತ್ತಿಗೆಯ ಸುತ್ತ ಕೂದಲು ಸವೆದ ಬಳೆಯಂಥ ಗುರುತು ಸ್ಪಷ್ಟವಾಗಿ ಕಂಡಿತು.

“ನೋಡಿದ್ರಾ? ಕಾಡಲ್ಲಿ ಹುಟ್ಟಿದ ಬೆಕ್ಕಿಗೆ ಡಬ್ಬದ ಸದ್ದು ಎಲ್ಲಿಂದ ಗೊತ್ತಾಗತ್ತೆ? ಈ ಕುತ್ತಿಗೇಲಿ ಪಟ್ಟಿ ಇತ್ತು. ಇದು ಯಾರದೋ ಮನೇಲಿ ಸೋಫಾ ಮೇಲೆ ಬೆಳೆದಿದೆ. ಬಸುರಿಯಾಯ್ತು ಅಂತ ಯಾರೋ ಪುಣ್ಯಾತ್ಮರು ಪಟ್ಟಿ ಬಿಚ್ಚಿ ಕಣಜದ ಹತ್ರ ಬಿಟ್ಟು ಹೋಗಿದಾರೆ. ಬಿಟ್ಟು ಹೋದವರು ಮನೇಲಿ ಆರಾಮಾಗಿ ಟೀ ಕುಡೀತಿದಾರೆ. ಸೂಜಿ ಮಾತ್ರ ಇದಕ್ಕೆ.”

ಟೆಗನ್ ಬೆಕ್ಕನ್ನು ನೋಡಿದಳು. ನೋಡಲೇ ಇಲ್ಲ ಎಂದು ಹೇಳುವಂತಿಲ್ಲ, ನೋಡಿದಳು. ಆದರೆ ಕಣ್ಣು ಮತ್ತೆ ಕಾಗದಕ್ಕೇ ಇಳಿಯಿತು. “ಪರೀಕ್ಷೆ ಒಂದೇ ಸಲ, ಮೊಯ್ರಾ. ಎರಡನೇ ಸಲ ಮಾಡೋ ಅವಕಾಶ ಇಲ್ಲ. ಕೆಂಪು ಚೀಟೀದನ್ನ ರಕ್ಷಕರಿಗೆ ಕೊಡಕ್ಕಾಗಲ್ಲ.”

ಗಡಿಯಾರದಲ್ಲಿ ಹನ್ನೊಂದೂ ಕಾಲು. ಮೊಯ್ರಾ ಎದ್ದಳು. ಬಾಗಿಲ ಪಕ್ಕದ ಹಲಗೆಯಲ್ಲಿ ದೊಡ್ಡಿಯ ನಿಯಮಗಳಿದ್ದವು. ಎಂಟು ವರ್ಷದಿಂದ ಓದಿ ಓದಿ ಬಾಯಿಪಾಠವಾಗಿದ್ದವು. ಐದನೆಯದರ ಮೇಲೆ ಬೆರಳಿಟ್ಟಳು. ‘ಮಾಲೀಕರು ಬಂದು, ಗುರುತು ಹೇಳಿ, ಸಹಿ ಹಾಕಿದಲ್ಲಿ ಯಾವುದೇ ಪ್ರಾಣಿಯನ್ನು ಒಪ್ಪಿಸತಕ್ಕದ್ದು.’

“ಯಾವುದೇ ಪ್ರಾಣಿ ಅಂತಿದೆ. ರಕ್ಷಕಳಾಗಿ ಕೇಳ್ತಿಲ್ಲ ಈಗ. ಆ ಬೆಕ್ಕು ನಂದು. ಫಾರಮ್ಮು ಕೊಡಿ.”

“ನಿಮ್ಮದಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

“ನಿಮ್ಮ ಪೆನ್ನಿಗೆ ಗೊತ್ತಿಲ್ಲದ್ದು ಇನ್ನೂ ಎಷ್ಟೋ ಇದೆ. ಕೊಡಿ.”

ಟೆಗನ್ ಫಾರಮ್ಮು ತಂದು ಮೇಜಿನ ಮೇಲಿಟ್ಟಳು. ದನಿ ಇಳಿಸಿ ಹೇಳಿದಳು: “ಸಹಿ ಹಾಕೋ ಮುಂಚೆ ಕೇಳಿಸ್ಕೊಳ್ಳಿ. ನೋಂದಣಿ ಇಲ್ಲದ ಬೆಕ್ಕನ್ನ ಬೀದಿಗೆ ಬಿಟ್ಟಿದ್ರಿ ಅಂತ ನೀವೇ ಒಪ್ಕೊಂಡ ಹಾಗಾಗತ್ತೆ. ಅಂಥವರ ಹೆಸರು ರಕ್ಷಕರ ಪಟ್ಟೀಲಿ ಇರೋ ಹಾಗಿಲ್ಲ. ನಾನು ತೆಗೀಲೇಬೇಕು. ಈ ಒಂದು ಬೆಕ್ಕಿಗೋಸ್ಕರ ಮುಂದೆ ಬರೋದನ್ನೆಲ್ಲ ಬಿಟ್ಟುಕೊಡ್ತೀರಾ?”

ಮೊಯ್ರಾಳ ಕೈಯಲ್ಲಿ ಪೆನ್ನು ಹಾಗೇ ನಿಂತಿತು.

ಸಹಿ ಹಾಕಿದರೆ ತಾಯಿ ಉಳಿಯುತ್ತದೆ. ಮುಂದಿನ ಗುರುವಾರ ಬರುವವುಗಳನ್ನು ಹೊರಗೆ ತರಲು ಯಾರೂ ಇರುವುದಿಲ್ಲ. ಸಹಿ ಹಾಕದಿದ್ದರೆ ಮುಕ್ಕಾಲು ಗಂಟೆಯಲ್ಲಿ ಆ ಬೂದುಬೆಕ್ಕು ಕಪ್ಪು ಚೀಲದಲ್ಲಿ, ಮರಿಗಳು ಅವಳ ಮಡಿಲಲ್ಲಿ. ಇಂಥ ಲೆಕ್ಕವನ್ನು ಯಾರೋ ಕುರ್ಚಿಯಲ್ಲಿ ಕೂತು ಟೈಪು ಮಾಡಿಸಿದ್ದಾರೆ, ಅದಕ್ಕೆ ನಿಯಮವೆಂದು ಹೆಸರಿಟ್ಟಿದ್ದಾರೆ, ಅದನ್ನು ಬಿಡಿಸುವ ಪಾಪ ಮಾತ್ರ ಅಡುಗೆಯ ಹೆಂಗಸಿನ ತಲೆಗೆ. ಸಿಟ್ಟಿಗೆ ಅವಳ ಕಣ್ಣು ತುಂಬಿಬಂತು. ಟೆಗನ್ ಎದುರಿಗೆ ಅಳುವುದು ಬೇಡವೆಂದು ಗೋಡೆಯ ಕಡೆ ತಿರುಗಿದಳು.

ಹಿಂದೆ ನೀರಿನ ಸದ್ದು ನಿಂತಿತು. ನೆವಿಲ್ ನಲ್ಲಿ ತಿರುಗಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೇಜಿನ ಹತ್ತಿರ ಬಂದ. ಮೊಯ್ರಾಳ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡ.

“ಆ ಬೆಕ್ಕು ನಂದು.”

ಇಬ್ಬರೂ ಅವನನ್ನೇ ನೋಡಿದರು.

“ತಮಾಷೆ ಮಾಡೋ ಹೊತ್ತಲ್ಲ ಇದು, ನೆವಿಲ್,” ಎಂದಳು ಟೆಗನ್.

“ತಮಾಷೆ ಅಲ್ಲ. ಗುರುತು ಹೇಳ್ತೀನಿ, ಬರ್ಕೊಳ್ಳಿ. ಹಿಂದಿನ ಬಲಗಾಲಲ್ಲಿ ಬಿಳಿ ಮಚ್ಚೆ. ಮೇಲಿನ ಎಡ ಕೋರೆಹಲ್ಲು ಮುರಿದಿದೆ. ಕೆಳಗಡೆ ಮೂರನೇ ಮೊಲೆ ಬಾತಿದೆ, ಮದ್ದು ಹಚ್ಚಬೇಕು.”

“ಗೂಡು ತೊಳೆಯೋನು ನೀನು. ನಿನಗೆ ಗೊತ್ತಿರತ್ತೆ.”

“ಮಾಲೀಕನಿಗೆ ಗೊತ್ತಿರ್ಬೇಕು ತಾನೆ.”

“ನೀನು ಇಲ್ಲಿ ಕೆಲಸದವನು.”

“ಕೆಲಸದವನ ಬೆಕ್ಕು ಕಳೆದುಹೋಗಬಾರದು ಅಂತ ಆ ಹಲಗೇಲಿದ್ರೆ ತೋರಿಸಿ. ನಾನು ಯಾವ ಪಟ್ಟೀಲೂ ಇಲ್ಲ, ತೆಗೆಯೋಕೆ. ದಂಡ ಹಾಕೋದಿದ್ರೆ ಹಾಕಿ.”

ಅವನು ಬಗ್ಗಿ, ಶಾಲೆಯಲ್ಲಿ ಕಲಿತ ದಪ್ಪ ಅಕ್ಷರಗಳಲ್ಲಿ ನಿಧಾನವಾಗಿ ಹೆಸರು ಬರೆದ. ಸಹಿ ಹಾಕಿದ. ಆಮೇಲೆ ತಲೆಯೆತ್ತಿ, “ಇನ್ನೊಂದು ಫಾರಮ್ಮು ಕೊಡಿ” ಎಂದ.

“ಯಾಕೆ?”

“ಐದನೇ ಗೂಡಿನ ಕಂದು ಗಡವ ಬೆಕ್ಕೂ ನಂದೇ. ಎಡಗಿವಿ ಹರಿದಿದೆ. ಏಳನೇದರಲ್ಲಿ ಕರಿಯ ಜೋಡಿ ಇದೆಯಲ್ಲ, ಅವೂ ನನ್ನವು. ಒಂದಕ್ಕೆ ಬಾಲದ ತುದಿ ಡೊಂಕು. ಒಟ್ಟು ನಾಲ್ಕು ಕೆಂಪು ಚೀಟಿ ಇವತ್ತು.”

“ನಿನ್ನ ಮನೆಯಿಂದ ನಾಲ್ಕು ಬೆಕ್ಕು ಒಟ್ಟಿಗೆ ತಪ್ಪಿಸ್ಕೊಂಡ್ವಾ?”

“ಹೆಂಡತಿ ಕಿಟಕಿ ಮುಚ್ಚೋದೇ ಇಲ್ಲ. ಹೇಳೀ ಹೇಳೀ ಸಾಕಾಯ್ತು.”

ಟೆಗನ್ ಮೇಲಿನವರಿಗೆ ಫೋನು ಮಾಡಬಹುದಿತ್ತು. ಫೋನು ಮೇಜಿನ ಮೇಲೇ ಇತ್ತು. ಅದನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಮೂರು ಫಾರಮ್ಮು ತಂದು ಇಟ್ಟು, ಆಫೀಸಿನ ಬಾಗಿಲು ಹಾಕಿಕೊಂಡಳು.

ಹನ್ನೆರಡಕ್ಕೆ ಡಾಕ್ಟರ ಗಾಡಿ ಬಂದಾಗ ಮೊಯ್ರಾಳ ಹಿಂದಿನ ಸೀಟು ತುಂಬಿತ್ತು. ಕಡೆಗೆ ಉಳಿದದ್ದು ತಾಯಿಬೆಕ್ಕು. ನೆವಿಲ್ ಬರಿಗೈಯಲ್ಲಿ ಎತ್ತಲು ಹೋದಾಗ ಅದು ಅವನ ಮಣಿಕಟ್ಟಿನಿಂದ ಮೊಣಕೈವರೆಗೆ ಪರಚಿ ಎಳೆಯಿತು. ಅವನು ಬಿಡಲಿಲ್ಲ. ಮರಿಗಳು ಮಲಗಿದ್ದ ಬುಟ್ಟಿಯೊಳಗೆ ಮೊದಲು ಅದನ್ನಿಟ್ಟು, ಟವೆಲ್ಲು ಮುಚ್ಚಿ, ಆಮೇಲೆ ರಕ್ತ ಒರೆಸಿಕೊಂಡ.

“ಇವನ್ನ ನೀನೇ ಇಟ್ಕೋಬೇಕು, ಮೊಯ್ರಾ. ಮನೆಗೆ ತಗೊಂಡು ಹೋದ್ರೆ ಹೆಂಡತಿ ನನ್ನನ್ನೇ ಇಲ್ಲಿಗೆ ತಂದುಬಿಡ್ತಾಳೆ.”

ಮೊಯ್ರಾಗೆ ನಗು ಬರಲಿಲ್ಲ. ಕೃತಜ್ಞತೆಯ ಜೊತೆಗೇ ಎಂಟು ವರ್ಷದ ಗುರುವಾರಗಳೂ ನೆನಪಿಗೆ ಬಂದವು. ಅವಳಿಗೆ ಉಳಿಸಿಕೊಳ್ಳಲಾಗದ ಪ್ರತಿಯೊಂದು ಬೆಕ್ಕನ್ನೂ ಈ ಕೈಗಳೇ ಹಿಡಿದಿದ್ದವು. ಆ ಹಲಗೆ ಆಗಲೂ ಅಲ್ಲೇ ಇತ್ತು, ಐದನೇ ನಿಯಮವೂ ಇತ್ತು.

“ಹತ್ತೊಂಬತ್ತು ವರ್ಷ, ನೆವಿಲ್,” ಎಂದಳು. “ಒಂದು ಬೆಕ್ಕು ಕಳ್ಕೊಳ್ಳೋಕೆ ನಿಂಗೆ ಹತ್ತೊಂಬತ್ತು ವರ್ಷ ಬೇಕಾಯ್ತಾ?”

ಅವನು ಪರಚಿದ ಕೈಯನ್ನೇ ನೋಡುತ್ತ ನಿಂತ. “ಪ್ರತಿಯೊಂದರ ಗುರುತೂ ನೆನಪಿದೆ,” ಎಂದ. ತೋಳು ಇಳಿಸಿ ಮುಂದುವರಿಸಿದ: “ಮುಂದಿನ ವಾರಾನೂ ಎಲ್ಲ ನಂದೇ ಅಂದ್ರೆ ಟೆಗನ್ ಒಪ್ಪಲ್ಲ. ಮಾಂಸದಂಗಡಿ ರಸೆಲ್‌ದೂ ಒಂದು ಕಳೆದಿರಬೇಕು. ಸಾಯಂಕಾಲ ಹೋಗಿ ಕೇಳ್ತೀನಿ. ಚರ್ಚಿನ ಬೆರಿಲ್‌ಗೂ ಒಂದು ಮಾತು ಹೇಳು.”

“ಅವಳಿಗೆ ಬೆಕ್ಕು ಕಂಡ್ರಾಗಲ್ಲ.”

“ಅದಕ್ಕೇ ಕಳ್ಕೊಂಡಿದಾಳೆ ಅಂದ್ರೆ ನಂಬ್ತಾರೆ.”

ಬುಟ್ಟಿಯೊಳಗಿನಿಂದ ತಾಯಿಬೆಕ್ಕು ಇಬ್ಬರ ಮೇಲೂ ಬುಸುಗುಟ್ಟಿತು. ಮರಿಗಳು ಆಗಲೇ ಅದರ ಹೊಟ್ಟೆಗೆ ಅಂಟಿಕೊಂಡಿದ್ದವು. ಮೊಯ್ರಾ ಗಾಡಿಯ ಬಾಗಿಲು ಮೆಲ್ಲಗೆ ಹಾಕಿ, ಸೀಟಿನಲ್ಲಿ ಕೂತು, ಕಿಟಕಿ ಇಳಿಸಿದಳು.

“ನಾಳೆ ಮೀನಿಗೆ ಬರ್ತೀಯಲ್ಲ?”

“ಬರ್ತೀನಿ.”

“ಬೇಗ ಬಾ. ನಡುವಿನ ತುಂಡು ಎತ್ತಿಟ್ಟಿರ್ತೀನಿ,” ಎಂದು ಹೇಳಿ, ಸುಟ್ಟುಹೋಗಿರಬಹುದಾದ ಕುರಿಮಾಂಸದ ಕಡೆಗೆ ಗಾಡಿ ಬಿಟ್ಟಳು.